ಯುರೋಪ ಗಡಿಯಲ್ಲಿ ಸಿಕ್ಕಾ ಹೋಯಿತು, ಯಂತ್ರದ ಲೆಕ್ಕ ಬಂತು

ಸೊಲ್ಲಾಪುರ: ಜರ್ಮನಿಯಲ್ಲಿರುವ ಮಗಳ ಬಾಣಂತನಕ್ಕೆ ತಾಯಿ ವಿಮಾನ ಹತ್ತುವುದು ಈಗ ನಮ್ಮ ಭಾಗದಲ್ಲಿ ದೊಡ್ಡ ಸುದ್ದಿಯೇನಲ್ಲ. ಅಕ್ಕಲಕೋಟ ರೋಡ್ ಎಂಐಡಿಸಿಯ ಟವೆಲ್ ಕಾರಖಾನೆಯವರಲ್ಲಿ ಜನವರಿ ಬಂತೆಂದರೆ ಫ್ರಾಂಕ್‌ಫರ್ಟಿನ ಹೈಮ್‌ಟೆಕ್ಸ್‌ಟೈಲ್ ಮೇಳಕ್ಕೆ ಹೊರಡುವವರಿದ್ದಾರೆ. ಈ ತಾಯಿಗೂ ಆ ವ್ಯಾಪಾರಿಗೂ ಸಂಬಂಧಪಟ್ಟ ಬದಲಾವಣೆಯೊಂದು ಯುರೋಪಿನ ಹೊರಗಡಿಯಲ್ಲಿ ಆಗಿದೆ. ಪಾಸ್‌ಪೋರ್ಟಿನ ಮೇಲೆ ಸಿಕ್ಕಾ ಹೊಡೆಯುವ ಕಾಲ ಮುಗಿದು, ಬಂದವರ ಹೋದವರ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಲಾಗಿದೆ.

ಇದರ ಹೆಸರು ಪ್ರವೇಶ-ನಿರ್ಗಮನ ವ್ಯವಸ್ಥೆ, ಚುಟುಕಾಗಿ ಇಇಎಸ್. ಷೆಂಗೆನ್ ಒಕ್ಕೂಟದ 29 ದೇಶಗಳು 2025ರ ಅಕ್ಟೋಬರ್ 12ರಿಂದ ಇದನ್ನು ಶುರುಮಾಡಿದವು. ಕಾನೂನು ಆಗಿದ್ದು ಮಾತ್ರ 2017ರಲ್ಲಿ. ಯಂತ್ರ ಸಿದ್ಧವಿಲ್ಲ ಅಂತ ಮುಂದೂಡುತ್ತ ಬಂದು, 2024ರ ನವೆಂಬರ್ 10ಕ್ಕೆ ಗಟ್ಟಿ ಎಂದರು, ಅದೂ ತಪ್ಪಿತು. ಸರ್ಕಾರಿ ಕೆಲಸ ನಿಧಾನ ಅನ್ನೋದು ನಮ್ಮಲ್ಲಷ್ಟೇ ಅಲ್ಲ ಬಿಡಿ. ಕಡೆಗೆ ಒಂದೇ ದಿನ ಎಲ್ಲ ಕಡೆ ಬೇಡ, 180 ದಿನಗಳಲ್ಲಿ ಹಂತಹಂತವಾಗಿ ಮಾಡೋಣ ಎಂದು 2026ರ ಏಪ್ರಿಲ್ 10ರ ಗಡುವು ಹಾಕಿಕೊಂಡರು.

ಹೊರದೇಶದವರು ಗಡಿ ದಾಟುವಾಗ ಹೆಸರು, ಪಾಸ್‌ಪೋರ್ಟ್ ವಿವರ, ಮುಖದ ಫೋಟೊ, ನಾಲ್ಕು ಬೆರಳಿನ ಗುರುತು, ಬಂದ ಹೋದ ತಾರೀಖು ಮತ್ತು ಜಾಗ ದಾಖಲಾಗುತ್ತವೆ. 12 ವರ್ಷದೊಳಗಿನ ಮಕ್ಕಳಿಗೆ ಬೆರಳಿನ ಗುರುತು ಇಲ್ಲ. ಭಾರತೀಯರಿಗೆ ವೀಸಾ ಬೇಕಾದ್ದರಿಂದ ನಮ್ಮವರ ಬೆರಳು ಮೊದಲೇ ಪುಣೆಯಲ್ಲೋ ಮುಂಬೈಯಲ್ಲೋ ಅರ್ಜಿ ಕೊಡುವಾಗ ವೀಸಾ ಕಡತ ಸೇರಿರುತ್ತದೆ. ಗಡಿಯಲ್ಲಿ ಮುಖದ ಫೋಟೊ ಹೊಸದಾಗಿ ತೆಗೆದು, ಬೆರಳನ್ನು ಹಳೆ ಕಡತಕ್ಕೆ ತಾಳೆ ನೋಡುತ್ತಾರೆ. ಅಲ್ಲೇ ಓದುವ, ನೌಕರಿ ಮಾಡುವ ಮಕ್ಕಳ ಬಳಿ ದೀರ್ಘಾವಧಿ ವೀಸಾ ಅಥವಾ ವಾಸದ ಪರವಾನಗಿ ಇದ್ದರೆ ಅವರು ಇದರಿಂದ ಹೊರಗೆ. ಸಿಕ್ಕಿಕೊಳ್ಳುವುದು ಅವರನ್ನು ನೋಡಲು ಹೋಗುವ ಹಿರಿಯರು.

ಹಳೆ ಪದ್ಧತಿ ಹೇಗಿತ್ತೆಂದರೆ, ಕಿರಾಣಿ ಅಂಗಡಿಯ ಚೀಟಿ ಇದ್ದ ಹಾಗೆ. ಸಿಕ್ಕಾ ಮಸುಕಾಗಿರುತ್ತಿತ್ತು, ಒಂದರ ಮೇಲೊಂದು ಬೀಳುತ್ತಿತ್ತು, ಖೊಟ್ಟಿಯೂ ಇರುತ್ತಿತ್ತು. ಎಷ್ಟು ದಿನ ಉಳಿದಿದ್ದಾರೆ ಅಂತ ಅಧಿಕಾರಿ ಪುಟ ತಿರುವಿ ಬೆರಳು ಮಡಚಿ ಎಣಿಸಬೇಕಿತ್ತು. ಈಗ ಕೀರ್ದಿ ಬರೆದ ಹಾಗೆ ಪ್ರತಿಯೊಬ್ಬರ ಹೆಸರಿನಲ್ಲೂ ಖಾತೆ. ಬಂದದ್ದು ಜಮಾ, ಹೋದದ್ದು ಖರ್ಚು. ಮುದ್ದತ್ ಮೀರಿದವರ ಪಟ್ಟಿಯನ್ನು ಯಂತ್ರ ತಾನಾಗಿಯೇ ತಯಾರಿಸಿ ಅಧಿಕಾರಿಗಳಿಗೆ ಕೊಡುತ್ತದೆ. ಎರಡು ಹೆಸರಿನ ಎರಡು ಪಾಸ್‌ಪೋರ್ಟ್ ಇಟ್ಟುಕೊಂಡು ಓಡಾಡುವವರನ್ನು ಬೆರಳು ಹಿಡಿದುಕೊಡುತ್ತದೆ. ಉಗ್ರಗಾಮಿ ಕೃತ್ಯ, ಗಂಭೀರ ಅಪರಾಧದ ತನಿಖೆಗೆ ಪೊಲೀಸರೂ ಈ ಕಡತ ನೋಡಬಹುದು. ಇಷ್ಟರ ಮಟ್ಟಿಗೆ ಯಂತ್ರ ಬಂದದ್ದು ತಪ್ಪು ಅನ್ನುವಂತಿಲ್ಲ.

ಆದರೆ ಯಂತ್ರಕ್ಕೆ ಬಾಯಿಮಾತಿನ ಲೆಕ್ಕ ತಿಳಿಯುವುದಿಲ್ಲ. ನಿಯಮ ಇರುವುದು ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ. ನಮ್ಮವರು ಇದನ್ನು ‘ಮೂರು ತಿಂಗಳು’ ಅಂತಾರೆ. ಬಾಣಂತನಕ್ಕೆ 90 ದಿನದ ವೀಸಾ ಮೇಲೆ ಮಾರ್ಚ್ 1ಕ್ಕೆ ಇಳಿದ ತಾಯಿ ಮೂರು ತಿಂಗಳ ಲೆಕ್ಕ ಹಿಡಿದು ಜೂನ್ 1ಕ್ಕೆ ವಿಮಾನ ಹತ್ತಿದರೆ ಅದು 93ನೇ ದಿನ. ಬಂದ ದಿನ, ಹೋಗುವ ದಿನ ಎರಡೂ ಎಣಿಕೆಗೆ ಬರುವುದರಿಂದ ಮೇ 29ಕ್ಕೇ ಹೊರಬಿದ್ದಿರಬೇಕು. ಹಾಗೆ ಮೇ 29ಕ್ಕೆ ಹೊರಟವರೂ ಆಗಸ್ಟ್ 28ಕ್ಕಿಂತ ಮೊದಲು ಮತ್ತೆ ಒಳಗೆ ಕಾಲಿಡುವಂತಿಲ್ಲ. ನಡುವೆ ಪ್ಯಾರಿಸಿಗೆ ಹೋಗಿ ಬಂದೆವು ಎಂದರೆ ದಿನ ಕಡಿಮೆಯಾಗುವುದಿಲ್ಲ, 29 ದೇಶಕ್ಕೂ ಒಂದೇ ಖಾತೆ.

ವೀಸಾ ಚೀಟಿಯಲ್ಲಿ ಇನ್ನೊಂದು ಗೊಂದಲ ಐತಿ. ‘ಇಂದಿನಿಂದ ಇಂದಿನವರೆಗೆ’ ಎಂಬ ತಾರೀಖು ಬೇರೆ, ಉಳಿಯಬಹುದಾದ ದಿನಗಳ ಸಂಖ್ಯೆ ಬೇರೆ. ತಾರೀಖಿಗೆ ಸಾಮಾನ್ಯವಾಗಿ 15 ದಿನ ಸಡಿಲು ಕೂಡಿಸಿರುತ್ತಾರೆ, ಪ್ರಯಾಣ ಹಿಂದೆಮುಂದೆ ಆದರೆ ಇರಲಿ ಅಂತ. ಅದನ್ನೇ ಉಳಿಯಲು ಸಿಕ್ಕ ಅವಧಿ ಎಂದುಕೊಂಡರೆ ಮುಗೀತು.

ವ್ಯಾಪಾರಿಗಳಿಗೆ ಇದರ ಪೆಟ್ಟು ಹೆಚ್ಚು. 2024ರ ಏಪ್ರಿಲ್‌ನಲ್ಲಿ ಯುರೋಪ ಆಯೋಗ ಭಾರತೀಯರಿಗೆ ಒಂದು ಸವಲತ್ತು ಕೊಟ್ಟಿತು: ಮೂರು ವರ್ಷದಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ, ಮುಂದೆ ಐದು ವರ್ಷದ ಬಹುಪ್ರವೇಶ ವೀಸಾ. ಈ ‘ಸರಿಯಾಗಿ’ ಎಂಬ ಮಾತಿಗೆ ಇನ್ನು ಮುಂದೆ ಸಾಕ್ಷಿ ಹೇಳುವುದು ಇಇಎಸ್ ಖಾತೆ. ಎರಡು ದಿನದ ತಪ್ಪು ಎಣಿಕೆ ಐದು ವರ್ಷದ ವೀಸಾಕ್ಕೆ ಅಡ್ಡ ಬರಬಹುದು.

ಜನರ ಓಡಾಟ ಸಲೀಸಾಗಲಿ ಎಂದು ತಂದ ಯಂತ್ರ ಮೊದಲ ತಿಂಗಳುಗಳಲ್ಲಿ ಮಾಡಿದ್ದು ಬೇರೆಯೇ. ಯುರೋಪಿನ ವಿಮಾನ ನಿಲ್ದಾಣಗಳ ಸಂಘಟನೆ 2025ರ ಡಿಸೆಂಬರ್‌ನಲ್ಲಿ ಹೇಳಿದ ಪ್ರಕಾರ, ತಪಾಸಣೆಗೆ ಹಿಡಿಯುವ ಸಮಯ ಶೇ. 70ರವರೆಗೆ ಏರಿ, ಜನ ಮೂರು ತಾಸಿನವರೆಗೂ ಪಾಳಿಯಲ್ಲಿ ನಿಂತರು. ಆಗಿನ್ನೂ ಎಲ್ಲರ ದಾಖಲಾತಿ ಶುರುವಾಗಿರಲಿಲ್ಲ ಅನ್ನೋದು ಗಮನಿಸಬೇಕು. ಲಿಸ್ಬನ್ ನಿಲ್ದಾಣದಲ್ಲಂತೂ ಪೋರ್ಚುಗಲ್ ಸರ್ಕಾರ ಅದೇ ತಿಂಗಳ ಕೊನೆಗೆ ಮೂರು ತಿಂಗಳ ಮಟ್ಟಿಗೆ ಯಂತ್ರ ನಿಲ್ಲಿಸಿ ಹಳೆ ಪದ್ಧತಿಗೆ ಮರಳಿತು.

ಭದ್ರತೆಯ ಮಾತಿಗೆ ಬಂದರೆ, ಯಂತ್ರ ನೋಡುವುದು ಬಾಗಿಲಿನಿಂದ ಬಂದವರನ್ನು. ಯುರೋಪಿನ ಗಡಿ ಸಂಸ್ಥೆ ಫ್ರಾಂಟೆಕ್ಸ್ ಲೆಕ್ಕದಲ್ಲಿ 2024ರಲ್ಲಿ ಅಕ್ರಮವಾಗಿ ಗಡಿ ದಾಟಿದ ಪ್ರಕರಣಗಳು ಸುಮಾರು 2.39 ಲಕ್ಷ. ದೋಣಿ ಏರಿ, ಕಾಡು ದಾಟಿ ಬರುವ ಅವರಿಗೆ ಈ ಕ್ಯಾಮೆರಾದ ಹಂಗಿಲ್ಲ. ಅವರಿಗಾಗಿ ಬೇಲಿ, ಡ್ರೋನ್ ಬೇರೆ ಇವೆ. ಹೀಗಾಗಿ ಹೊಸ ಖಾತೆಯ ಬಹುಪಾಲು ಭಾರ ಕಾಗದಪತ್ರ ಸರಿಯಿಟ್ಟುಕೊಂಡು, ಟಿಕೆಟ್ ತೆಗೆಸಿ ಬರುವವರ ಮೇಲೆಯೇ ಬೀಳುತ್ತದೆ.

ಬೆರಳಿನದೂ ಒಂದು ಮಾತಿದೆ. ಬೀಡಿ ಕಟ್ಟಿ, ಮಗ್ಗ ನಡೆಸಿ ಸವೆದ ಬೆರಳು ರೇಶನ್ ಅಂಗಡಿಯ ಯಂತ್ರಕ್ಕೆ ಹತ್ತದೆ ಮತ್ತೆ ಮತ್ತೆ ಒರೆಸಿ ಒತ್ತುವುದನ್ನು ಸೊಲ್ಲಾಪುರದವರಿಗೆ ಹೇಳಬೇಕಾಗಿಲ್ಲ. ಬೆರಳಿನ ಗುರುತು ಕೊಡಲು ದೇಹವೇ ಒಗ್ಗದವರಿಗೆ ಯುರೋಪಿನ ಕಾನೂನು ವಿನಾಯಿತಿ ಕೊಟ್ಟಿದೆ. ಆದರೆ ಅದನ್ನು ಗಡಿಯ ಗಾಜಿನ ಮುಂದೆ ನಿಂತು, ಭಾಷೆ ಬಾರದ ಊರಿನಲ್ಲಿ ಆ ತಾಯಿ ಹೇಳಿಕೊಳ್ಳುವುದು ಹೇಗೆ?

ಎಲ್ಲಕ್ಕಿಂತ ದೊಡ್ಡ ಚಿಂತೆ ಬಿಟ್ಟುಹೋದ ನಮೂದಿನದು. ಸರಿಯಾಗಿ ಹೊರಟುಬಂದರೂ ನಿರ್ಗಮನ ದಾಖಲಾಗದೆ ಹೋದರೆ ಯಂತ್ರದ ಪ್ರಕಾರ ನೀವಿನ್ನೂ ಅಲ್ಲೇ ಇದ್ದೀರಿ. ಸಾಮಾನ್ಯ ದಾಖಲೆ ಮೂರು ವರ್ಷಕ್ಕೆ ಅಳಿಯುತ್ತದೆ. ನಿರ್ಗಮನವಿಲ್ಲದ್ದು ಐದು ವರ್ಷ ಉಳಿಯುತ್ತದೆ. ತಪ್ಪು ತಿದ್ದಿಸುವ ಹಕ್ಕು ಕಾನೂನಿನಲ್ಲಿದೆ, ಪ್ರಯಾಣದ ಟಿಕೆಟ್ಟಿನಂಥ ನಂಬಲರ್ಹ ಪುರಾವೆಯನ್ನು ಒಪ್ಪಬೇಕೆಂದೂ ಇದೆ. ಆ ಪುರಾವೆ ತೋರಿಸಬೇಕಾದವರು ಮಾತ್ರ ಪ್ರಯಾಣಿಕರೇ.

ದಿನ ಎಣಿಸಿ ತೋರಿಸುವ ಸಾಧನ ಯುರೋಪ ಆಯೋಗದ ಜಾಲತಾಣದಲ್ಲೇ ಇದೆ, ಟಿಕೆಟ್ ತೆಗೆಸುವ ಮೊದಲು ಅದರಲ್ಲಿ ತಾರೀಖು ಹಾಕಿ ನೋಡಬೇಕು. ಮುಂಬೈಯಲ್ಲಿ ಇಳಿದ ಕೂಡಲೇ ಬೋರ್ಡಿಂಗ್ ಪಾಸ್ ಹರಿದು ಒಗೆಯುವ ರೂಢಿ ನಮ್ಮಲ್ಲಿದೆ. ಅದನ್ನು ಪಾಸ್‌ಪೋರ್ಟಿನ ಜೊತೆಗೇ ಕಟ್ಟಿಟ್ಟು, ಮುಂದಿನ ವೀಸಾ ಕೈಗೆ ಬರುವವರೆಗಾದರೂ ಕಾಯ್ದುಕೊಳ್ಳಬೇಕು.