ಬೀಗ ಜಡಿಯುವುದೇ ಆಡಳಿತವೇ?

ಕಾಲೇಜಿನಲ್ಲಿ ಜಗಳ ಹುಟ್ಟಿತೆಂದರೆ ನಮ್ಮ ಅಧಿಕಾರಸ್ಥರಿಗೆ ತಿಳಿದಿರುವ ಮದ್ದು ಒಂದೇ: ಗೇಟಿಗೆ ಬೀಗ. 2022ರ ಫೆಬ್ರವರಿಯಲ್ಲಿ ಹಿಜಾಬಿನ ಪ್ರಶ್ನೆ ಕಾವೇರಿದಾಗ ಕುಂದಾಪುರದಲ್ಲಿ ಹೆಣ್ಣುಮಕ್ಕಳ ಎದುರಿಗೇ ಗೇಟು ಮುಚ್ಚಿದರು. ಅವರಿಗೆ ಎದುರಾಗಿ ಕೇಸರಿ ಶಾಲುಗಳು ಬಂದವು. ಶಿವಮೊಗ್ಗದಲ್ಲಿ ಕಲ್ಲು ಹಾರಿ ನಿಷೇಧಾಜ್ಞೆ ಜಾರಿಯಾಯಿತು. ಸರಕಾರ ರಾಜ್ಯದ ಪ್ರೌಢಶಾಲೆ, ಕಾಲೇಜುಗಳನ್ನೆಲ್ಲ ಮೂರು ದಿನ ಮುಚ್ಚಿ ಕೈತೊಳೆದುಕೊಂಡಿತು.

ಆ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಯಿತು. ಅದೇ ವರ್ಷ ಅಕ್ಟೋಬರ್ 13ರಂದು ಪೀಠದ ಇಬ್ಬರು ನ್ಯಾಯಮೂರ್ತಿಗಳು ಒಮ್ಮತಕ್ಕೆ ಬರಲಾರದೆ ಎರಡು ಬೇರೆ ಬೇರೆ ತೀರ್ಪು ಬರೆದರು. ಇಷ್ಟು ದೊಡ್ಡವರಲ್ಲೇ ಭಿನ್ನಮತ ಹುಟ್ಟಿಸಿದ ಪ್ರಶ್ನೆಯ ಮೇಲೆ ಹದಿನೆಂಟರ ಹರೆಯದ ಹುಡುಗ ಹುಡುಗಿಯರು ಭಿನ್ನಮತ ತಾಳಿದರೆ ಅದು ಅಪರಾಧವೇ? ಅವರು ಕೂತು ವಾದಿಸಲು ಕಾಲೇಜಿನಲ್ಲಿ ಒಂದು ವೇದಿಕೆಯಾದರೂ ಇತ್ತೇ?

ಇರಲಿಲ್ಲ. ಹಿಂಸಾಚಾರದ ಕಾರಣ ಹೇಳಿ 1990ರ ಸುಮಾರಿಗೆ ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳನ್ನು ನಿಲ್ಲಿಸಲಾಯಿತು. ಚುನಾವಣೆ ಹೋಯಿತು, ರಾಜಕೀಯ ಹೋಗಲಿಲ್ಲ. ಮತ ಕೇಳಬೇಕಾಗಿಲ್ಲದ, ಯಾರಿಗೂ ಜವಾಬು ಹೇಳಬೇಕಾಗಿಲ್ಲದ ರಾಜಕೀಯವಾಗಿ ಅದು ಕಾಂಪೌಂಡಿನ ಹೊರಗೆ ಕಾದು ನಿಂತಿತು. ಚುನಾಯಿತ ಸಂಘವಿದ್ದರೆ ಅದರ ಅಧ್ಯಕ್ಷ ಎರಡೂ ಗುಂಪಿನ ಮುಂದೆ ನಿಂತು ಮಾತಾಡಬೇಕಾಗುತ್ತದೆ. ಬರುವ ವರ್ಷ ಇಬ್ಬರ ಮತವೂ ಬೇಕು ನೋಡಿ!

ಸಂಘಗಳಿದ್ದ ಕಾಲದಲ್ಲಿ ಹೊಡೆದಾಟ ಇರಲಿಲ್ಲವೇ ಎಂದು ಕೇಳುವವರುಂಟು. ಇತ್ತು. 1973ರ ನವೆಂಬರಿನಲ್ಲಿ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಅದು ಒರಟು ಮಾತು, ವಾದಕ್ಕೆ ಯೋಗ್ಯವಾದ ಮಾತು. ವಾದ ಮಾಡಿದವರೆಷ್ಟು ಮಂದಿ? ಕನ್ನಡದ ಮಾನ ಕಾಯಲು ಬೀದಿಗಿಳಿದವರಲ್ಲಿ ಆ ಸಾಹಿತ್ಯವನ್ನು ಓದಿದ್ದವರೆಷ್ಟೋ, ದೇವರೇ ಬಲ್ಲ. ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು, ಅವರ ಹಾಸ್ಟೆಲುಗಳ ಮೇಲೆ ದಾಳಿ ನಡೆಯಿತು, ಸಚಿವರು ರಾಜೀನಾಮೆ ಕೊಟ್ಟರು. ಕನ್ನಡದ ಅತಿ ದೊಡ್ಡ ಕವಿ ಕುವೆಂಪು ಅವರು ಮಾತ್ರ ಬಸವಲಿಂಗಪ್ಪನವರ ಪಕ್ಷ ವಹಿಸಿದರು.

ಆ ಜಗಳದಿಂದ ನಾಡಿಗೆ ನಷ್ಟವಾಗಲಿಲ್ಲ. ದಲಿತ ಚಳವಳಿಯೂ ದಲಿತ ಸಾಹಿತ್ಯವೂ ಅದರಿಂದ ಕಸುವು ಪಡೆದವು. ನಷ್ಟವಾದದ್ದು ಹಾಸ್ಟೆಲಿನಲ್ಲಿ ಏಟು ತಿಂದ ಬಡ ಹುಡುಗನಿಗೆ. ಆಡಳಿತ ಕಾಯಬೇಕಾದದ್ದು ಅವನ ಮೈಯನ್ನು. ಆದರೆ ನಮ್ಮ ಪ್ರಾಂಶುಪಾಲರೂ ಕುಲಪತಿಗಳೂ ಬಲಾಢ್ಯರ ಕಿವಿಯನ್ನು ಕಾಯುತ್ತಾರೆ! ಅವರಿಗೆ ನೋವಾಗುವ ಭಾಷಣವಿದ್ದರೆ ಸಭಾಂಗಣ ರದ್ದು, ಅವರು ಕೆರಳುವ ವಿಚಾರ ಸಂಕಿರಣವಿದ್ದರೆ ಅನುಮತಿ ವಾಪಸು. ಇದಕ್ಕೆ ಶಾಂತಿಪಾಲನೆ ಎಂಬ ಹೆಸರು ಬೇರೆ. ಗುಂಪು ಕಟ್ಟಿ ಬೆದರಿಸಿದವನಿಗೆ ಇದರಿಂದ ಸಿಗುವ ಪಾಠವೇನು? ಇನ್ನಷ್ಟು ದೊಡ್ಡ ಗುಂಪು ಕಟ್ಟು ಎಂಬುದೇ ತಾನೇ?

ಚುನಾವಣೆ ನಡೆಸಲು ನಿಯಮಗಳಿಲ್ಲ ಎಂಬ ನೆಪವೂ ನಡೆಯದು. ಲಿಂಗ್ಡೊ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟು 2006ರಲ್ಲೇ ಜಾರಿಗೆ ತಂದಿದೆ. ಅಭ್ಯರ್ಥಿಯ ಖರ್ಚು 5000 ರೂಪಾಯಿ ಮೀರಬಾರದು, ಹಾಜರಿ ಶೇಕಡ 75 ಇರಬೇಕು, ಪದವಿ ವಿದ್ಯಾರ್ಥಿಯಾದರೆ ವಯಸ್ಸು 17ರಿಂದ 22ರ ಒಳಗಿರಬೇಕು. ವಿಧಾನಸಭೆಗೆ ನಿಲ್ಲುವ ನಮ್ಮ ಧಣಿಗಳಿಗೆ ಈ ಖರ್ಚಿನ ನಿಯಮವೊಂದನ್ನು ಅನ್ವಯಿಸಿದರೂ ಎಷ್ಟು ಜನ ಉಳಿದಾರು?

ಕಾಲೇಜುಗಳಲ್ಲಿ ಮತಪೆಟ್ಟಿಗೆ ಇಡಿ. ಸಭಾಂಗಣವನ್ನು ಎಡದವರಿಗೂ ಬಲದವರಿಗೂ ಸರದಿಯ ಮೇಲೆ ಕೊಡಿ. ಕಾವಲುಗಾರರನ್ನು ಗೇಟಿನಿಂದ ತೆಗೆದು ಹಾಸ್ಟೆಲಿನ ಬಾಗಿಲಿಗೆ ಹಾಕಿ.