ಒಂದು ಪಾಸ್‌ವರ್ಡ್, ಮೂವತ್ತು ಕಂಪ್ಯೂಟರ್



ಜಹೀರಾಬಾದ್, ನಾರಾಯಣಖೇಡ್, ತಾಂಡೂರು. ಈ ಮೂರೂ ಊರುಗಳು ತೆಲಂಗಾಣಕ್ಕೆ ಸೇರಿದ್ದರೂ ನಮ್ಮ ಬೀದರ್, ಕಲಬುರಗಿ ಜಿಲ್ಲೆಗಳ ಮಗ್ಗುಲಲ್ಲೇ ಇವೆ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು, ತರಗತಿಯಲ್ಲಿ ತೆಲುಗು ಇಲ್ಲವೆ ಇಂಗ್ಲಿಷ್ ಎಂದು ಬೆಳೆಯುವ ಮಕ್ಕಳನ್ನು ಇಲ್ಲಿ ಕಾಣುತ್ತೇವೆ. ಈ ಭಾಗದ ಒಂದು ಶಾಲೆಯಿಂದ (ಹೆಸರು ಬೇಡ) ಹೋದ ವರ್ಷ ಸಿಸ್ಟರ್ ಒಬ್ಬರು ನಮಗೆ ಫೋನ್ ಮಾಡಿದರು. "ಫಾದರ್, ಲ್ಯಾಬಿನ ಕಂಪ್ಯೂಟರೆಲ್ಲ ಒಮ್ಮೆಲೇ ಬಂದ್ ಆಗ್ಯಾವ್ರಿ!"

ನಡೆದದ್ದಿಷ್ಟು. ಕಂಪ್ಯೂಟರ್ ಕಲಿಸುತ್ತಿದ್ದ ಶಿಕ್ಷಕರು ಕೆಲಸ ಬಿಟ್ಟು ಹೋದರು. ಅಂದು ಸಂಜೆಯೇ ವೈಫೈ ಪಾಸ್‌ವರ್ಡನ್ನು ಬದಲಾಯಿಸಲಾಯಿತು. ಮರುದಿನ ಬೆಳಿಗ್ಗೆ ನೋಡಿದರೆ ಮೂವತ್ತು ಕಂಪ್ಯೂಟರ್‌ಗಳೂ ಹಳೆಯ ಪಾಸ್‌ವರ್ಡನ್ನೇ ಹಿಡಿದು ಕೂತಿದ್ದವು. ಅದೇ ದಿನ ವಿದ್ಯಾರ್ಥಿವೇತನದ ಅರ್ಜಿಗೆ ಕಡೆಯ ದಿನ. ಒಂದು ದಿನದ ಕೂಲಿ ಬಿಟ್ಟು ಬಂದ ತಾಯಂದಿರು ವರಾಂಡದಲ್ಲಿ ಕಾಯುತ್ತಿದ್ದರು. ಒಬ್ಬರು ಫೋನಿನ ಹಾಟ್‌ಸ್ಪಾಟ್‌ನಿಂದ ಒಂದು ಯಂತ್ರವನ್ನು ನಡೆಸಿದರು, ಇನ್ನಿಬ್ಬರು ಉಳಿದ ಯಂತ್ರಗಳಿಗೆ ಒಂದೊಂದಾಗಿ ಹೊಸ ಪಾಸ್‌ವರ್ಡ್ ಹಾಕುತ್ತಾ ಹೋದರು. ಚೀಟಿಯಲ್ಲಿದ್ದದ್ದು ಸೊನ್ನೆಯೋ 'ಓ' ಅಕ್ಷರವೋ ಎಂಬ ಗೊಂದಲದಲ್ಲೇ ಒಂದು ಗಂಟೆ ಹೋಯಿತು. ಸಂಜೆಯ ಹೊತ್ತಿಗೆ ಏಳು ಅರ್ಜಿಗಳು ಹೋದವು, ಒಂದು ಉಳಿಯಿತು. ಆ ಮಗುವಿನ ತಾಯಿ ಏನೂ ಅನ್ನದೆ ಎದ್ದು ಹೋದರಂತೆ. ಬೈದಿದ್ದರೆ ನಮಗೂ ಸಿಸ್ಟರ್‌ಗೂ ಅಷ್ಟು ನೋವಾಗುತ್ತಿರಲಿಲ್ಲ.

ಪಾಸ್‌ವರ್ಡ್ ಬದಲಾಯಿಸಿದ್ದು ತಪ್ಪಲ್ಲ. ಕೆಲಸ ಬಿಟ್ಟವರು ಎಷ್ಟೇ ಒಳ್ಳೆಯವರಾಗಿದ್ದರೂ ಅದನ್ನು ಬದಲಾಯಿಸಲೇಬೇಕು. ಆದರೆ ಆ ಒಂದು ಪದ ಮೂವತ್ತು ಕಡೆ ಬೇರೆಬೇರೆಯಾಗಿ ಕೂತಿತ್ತು, ಎಲ್ಲವನ್ನೂ ಒಂದೇ ಕಡೆಯಿಂದ ತಿದ್ದುವ ಏರ್ಪಾಡು ಇರಲಿಲ್ಲ. ನಮ್ಮ ಧರ್ಮಸಭೆಗೆ ಇಂಥ ಏರ್ಪಾಡು ಹೊಸದೇನಲ್ಲ. ಜಹೀರಾಬಾದಿನಲ್ಲಿ ತೆಲುಗಿನಲ್ಲಿ ಓದುವ ಭಾನುವಾರದ ಶುಭಸಂದೇಶವನ್ನೇ ಬೀದರಿನಲ್ಲಿ ಕನ್ನಡದಲ್ಲಿ ಓದುತ್ತೇವೆ. ಗುರುಗಳು ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳಿಕೊಳ್ಳುವುದಿಲ್ಲ, ಆರಾಧನಾ ಪಂಚಾಂಗ ಅದನ್ನು ಮೊದಲೇ ತಿಳಿಸಿರುತ್ತದೆ.

ಹತ್ತಿಪ್ಪತ್ತು ವಿಂಡೋಸ್ ಯಂತ್ರಗಳಿರುವ ಚಿಕ್ಕ ಶಾಲೆಗೆ ದೊಡ್ಡ ಖರ್ಚು ಬೇಕಿಲ್ಲ. ವಿಂಡೋಸ್‌ನಲ್ಲೇ 'ನೆಟ್‌ಶ್' ಎಂಬ ಆದೇಶವಿದೆ. ಒಂದು ಯಂತ್ರದಲ್ಲಿ ವೈಫೈ ಸರಿಪಡಿಸಿ, ಆ ಸೆಟ್ಟಿಂಗನ್ನು ಚಿಕ್ಕ ಕಡತವಾಗಿ ಪೆನ್‌ಡ್ರೈವ್‌ಗೆ ತೆಗೆದುಕೊಂಡು ಉಳಿದ ಯಂತ್ರಗಳಿಗೆ ಸೇರಿಸಬಹುದು. ಸೊನ್ನೆ, 'ಓ' ಎಂಬ ಜಗಳವೇ ಇಲ್ಲ. ಒಂದು ಎಚ್ಚರಿಕೆ: ಬೇರೆ ಯಂತ್ರದಲ್ಲಿ ಕೆಲಸ ಮಾಡಬೇಕಾದರೆ ಆ ಕಡತದಲ್ಲಿ ಪಾಸ್‌ವರ್ಡ್ ಯಾರು ಬೇಕಾದರೂ ಓದುವಂತೆ ಇರಬೇಕಾಗುತ್ತದೆ. ಆದ್ದರಿಂದ ಕೆಲಸ ಮುಗಿದೊಡನೆ ಅದನ್ನು ಅಳಿಸಿಬಿಡಿ.

ಶಾಲೆ, ಹಾಸ್ಟೆಲ್, ಕಚೇರಿ ಎಲ್ಲ ಸೇರಿ ದೊಡ್ಡ ಸಂಸ್ಥೆಯಾದರೆ ಸರ್ವರ್ ಇಟ್ಟು ಯಂತ್ರಗಳನ್ನೆಲ್ಲ ಒಂದು 'ಡೊಮೇನ್'ಗೆ ಸೇರಿಸುತ್ತಾರೆ. ಆಗ 'ಗ್ರೂಪ್ ಪಾಲಿಸಿ'ಯಲ್ಲಿ ವೈಫೈ ನಿಯಮವನ್ನು ಒಮ್ಮೆ ಬರೆದರೆ ಸಾಕು. ಯಂತ್ರಗಳು ಶುರುವಾಗುವಾಗ, ಆಮೇಲೆ ಸುಮಾರು 90 ನಿಮಿಷಕ್ಕೊಮ್ಮೆ, ತಾವಾಗಿಯೇ ಬಂದು ಅದನ್ನು ಓದಿಕೊಳ್ಳುತ್ತವೆ. ವಿಂಡೋಸ್‌ನ 'ಹೋಮ್' ಆವೃತ್ತಿಯನ್ನು ಡೊಮೇನ್‌ಗೆ ಸೇರಿಸಲಾಗುವುದಿಲ್ಲ. ಅಗ್ಗವೆಂದು ಅದನ್ನು ಕೊಂಡು ಆಮೇಲೆ ಕೈಕೈ ಹಿಸುಕಿಕೊಂಡವರನ್ನು ಬಲ್ಲೆವು, ಕೊಳ್ಳುವಾಗಲೇ 'ಪ್ರೊ' ಕೇಳಿ. ಎಲ್ಲರಿಗೂ ಒಂದೇ ಆದ ಪಾಸ್‌ವರ್ಡನ್ನು ಈ ವೈಫೈ ನಿಯಮ ಹಂಚುವುದಿಲ್ಲ ಎಂಬುದೂ ನೆನಪಿರಲಿ. ಅದು ಬಯಸುವುದು ಪ್ರತಿಯೊಬ್ಬರಿಗೂ ಅವರದೇ ಹೆಸರು, ಅವರದೇ ಗುಟ್ಟು. 'ರೇಡಿಯಸ್' ಎಂಬ ಸರ್ವರ್ ಬಾಗಿಲಲ್ಲಿ ನಿಂತು ಅದನ್ನು ಪರೀಕ್ಷಿಸುತ್ತದೆ. ಕೆಲಸ ಬಿಟ್ಟವರ ಹೆಸರೊಂದನ್ನು ತೆಗೆದರಾಯಿತು, ಉಳಿದವರಿಗೆ ಏನಾಯಿತೆಂದೂ ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಜನ ಎಡವುವುದು ಕ್ರಮದಲ್ಲಿ. ಹೊಸ ಸೆಟ್ಟಿಂಗ್ ಯಂತ್ರವನ್ನು ತಲುಪಬೇಕಾದರೆ ಆ ಯಂತ್ರ ಮೊದಲು ನೆಟ್‌ವರ್ಕಿನಲ್ಲಿರಬೇಕಲ್ಲ? ಹಳೆಯದನ್ನು ಮುಚ್ಚಿದ ಮೇಲೆ ಹೊಸದು ಬರುವ ದಾರಿ ಯಾವುದು? ಆದ್ದರಿಂದ ಹಳೆಯ ವೈಫೈ ಜೊತೆಗೇ ಹೊಸ ಹೆಸರಿನದೊಂದನ್ನು ಒಂದು ವಾರ ನಡೆಸಿ, ಎಲ್ಲ ಯಂತ್ರಗಳೂ ಹೊಸದಕ್ಕೆ ಬಂದ ಮೇಲೆ ಹಳೆಯದನ್ನು ನಿಲ್ಲಿಸಬೇಕು. ಅದೂ ಅರ್ಜಿಯ ಕಡೆಯ ದಿನಗಳಲ್ಲಿ ಬೇಡ.

ತಾಂಡೂರಿನ ಕಡೆಯವರಿಗೆ ಇನ್ನೊಂದು ಮಾತು. ನಿಮ್ಮೂರಿನ ಕಲ್ಲು ಹೆಸರಾದದ್ದು, ಆದರೆ ದಪ್ಪ ಕಲ್ಲುಗೋಡೆ ವೈಫೈಗೆ ಮಿತ್ರನಲ್ಲ. ಕೋಣೆಗೊಂದರಂತೆ ಪೆಟ್ಟಿಗೆ ಇಡಬೇಕಾದೀತು. ಆಗ ಒಂದೊಂದಕ್ಕೆ ಒಂದೊಂದು ಹೆಸರು, ಪಾಸ್‌ವರ್ಡ್ ಕೊಡಬೇಡಿ. ಎಲ್ಲಕ್ಕೂ ಒಂದೇ ಹೆಸರಿಟ್ಟು ಒಂದೇ ಕಡೆಯಿಂದ ನೋಡಿಕೊಳ್ಳಿ.

ನಾವು ಆ ಶಾಲೆಗೆ ಹೋದಾಗ ಮೊದಲು ಮಾಡಿಸಿದ ಕೆಲಸಕ್ಕೆ ಖರ್ಚಾದದ್ದು ಎರಡು ಲಕೋಟೆ. ಮುಖ್ಯ ಪಾಸ್‌ವರ್ಡನ್ನು ದೊಡ್ಡ ಅಕ್ಷರದಲ್ಲಿ ಬರೆದು, ಒಂದನ್ನು ಮುಖ್ಯೋಪಾಧ್ಯಾಯಿನಿಯ ಬೀರುವಿನಲ್ಲಿ, ಇನ್ನೊಂದನ್ನು ಕಾನ್ವೆಂಟಿನಲ್ಲಿ ಇಡಿಸಿದೆವು. ಶಾಲೆ ತುಂಬಾ ಗೊತ್ತಿರಬೇಕಾದ ಗುಟ್ಟಲ್ಲ, ಹಾಗೆಂದು ಒಬ್ಬರ ತಲೆಯಲ್ಲಿ ಮಾತ್ರ ಇದ್ದರೂ ಆಗದು.

ಈ ಸಲ ಶಾಲೆ ಶುರುವಾಗುವ ಮೊದಲೇ ಅಲ್ಲಿ ಪಾಸ್‌ವರ್ಡ್ ಬದಲಾಯಿತು. ಸಂಜೆ ಸಿಸ್ಟರ್ ಫೋನ್ ಬಂತು. ಎತ್ತುವಾಗ ನಮಗೆ ಸ್ವಲ್ಪ ಎದೆ ಹೊಡೆದುಕೊಂಡದ್ದು ನಿಜ. "ಕಂಪ್ಯೂಟರ್ ಎಲ್ಲ ಛಲೋ ನಡದಾವ್ರಿ ಫಾದರ್. ಆಫೀಸಿನ ಪ್ರಿಂಟರ್ ಒಂದು ಮರ್ತಿದ್ವಿ, ಅದಕ್ಕೂ ಕೈಯಿಂದ ಹಾಕೀವಿ."