ಮಾನರಕ್ಷಣೆಗೆ ಸೆರೆಮನೆಯೇ?

ಧನಿಕನಿಗೆ ಸತ್ಕೀರ್ತಿಯು ಅಲಂಕಾರವಾದರೆ, ಕಲಬುರಗಿ, ವಿಜಯಪುರಗಳ ಕಡೆಯಿಂದ ದುಡಿಮೆಯನ್ನರಸಿ ಬಂದು ಮುಂಬಯಿ ಬಳಿಯ ದಿವಾದ ಚಾಳೊಂದರ ಖೋಲಿಯಲ್ಲಿ ಸಂಸಾರ ಹೂಡಿದವರಿಗೆ ಅದೇ ಬಂಡವಾಳ. ಅಂಥ ಚಾಳುಗಳಲ್ಲಿ ಹೆಂಗಸರು ತಿಂಗಳಿಗಿಷ್ಟೆಂದು ಹಣ ಹಾಕಿ ಭಿಶಿಯೆಂಬ ಚೀಟಿ ನಡೆಸುವರು. ಬರೆದ ಪತ್ರವಿಲ್ಲ, ಜಾಮೀನಿಲ್ಲ, ಹಣ ಕೂಡಿಸುವಾಕೆಯ ಹೆಸರೇ ಆಧಾರ. ಆಕೆ ಹಣ ನುಂಗಿದಳೆಂಬ ಸುಳ್ಳನ್ನು ಯಾರೋ ಚಾಳಿನ ವಾಟ್ಸಾಪ್ ಗುಂಪಿನಲ್ಲಿ ಹರಿಬಿಟ್ಟರೆಂದು ಭಾವಿಸೋಣ: ಕಿರಾಣಿ ಅಂಗಡಿಯವನು ಉದ್ದರಿ ನಿಲ್ಲಿಸುವನು, ಖೋಲಿಯ ಮಾಲೀಕನು ಹನ್ನೊಂದು ತಿಂಗಳ ಕರಾರನ್ನು ಮುಂದುವರಿಸಲು ಹಿಂಜರಿಯುವನು, ಮಗಳಿಗೆ ಬಂದಿದ್ದ ಸಂಬಂಧವು ಕಾರಣ ಹೇಳದೆ ಮುರಿಯುವುದು. ಮಾನವನ್ನು ಕಾಯಲು ಕಾನೂನು ಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ವಾದವನ್ನು ನಾನರಿಯೆ. ಈಗಿರುವ ಕಾನೂನು ಈಕೆಯನ್ನು ಕಾಯುವುದೇ ಎಂಬುದೇ ಪ್ರಶ್ನೆ.

1860ರ ಭಾರತೀಯ ದಂಡ ಸಂಹಿತೆಯ 499, 500ನೆಯ ಕಲಮುಗಳು ಮಾನಹಾನಿಯನ್ನು ಎರಡು ವರ್ಷಗಳವರೆಗಿನ ಸೆರೆವಾಸಕ್ಕೆ ಅರ್ಹವಾದ ಅಪರಾಧವನ್ನಾಗಿಸಿದವು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮು ಸಮುದಾಯ ಸೇವೆಯೆಂಬ ಶಿಕ್ಷೆಯನ್ನು ಪರ್ಯಾಯವಾಗಿ ಸೇರಿಸಿ, ಮಿಕ್ಕುದನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡಿದೆ. ಸಿವಿಲ್ ದಾವೆಯಲ್ಲಿ ಸತ್ಯವೊಂದೇ ಸಂಪೂರ್ಣ ಸಮರ್ಥನೆ. ಕ್ರಿಮಿನಲ್ ಮೊಕದ್ದಮೆಯಲ್ಲಾದರೋ ನುಡಿದುದು ಸತ್ಯವೆಂದಷ್ಟೇ ಅಲ್ಲ, ಲೋಕಹಿತಕ್ಕಾಗಿ ನುಡಿದುದೆಂದೂ ತೋರಿಸಬೇಕು. ಹಣ ತೆರುವ ಭಯವಿರುವಲ್ಲಿ ಸತ್ಯವಾದಿಗೆ ದೊರೆವ ಅಭಯವು ಸೆರೆಯ ಭಯವಿರುವಲ್ಲಿ ದೊರೆಯದಿರುವುದು ನ್ಯಾಯವಿಪರ್ಯಯವಲ್ಲದೆ ಬೇರೇನು? 2016ರ ಮೇ 13ರಂದು ಸುಬ್ರಮಣಿಯನ್ ಸ್ವಾಮಿಯವರ ಮೊಕದ್ದಮೆಯಲ್ಲಿ ಈ ಕಲಮುಗಳನ್ನು ಎತ್ತಿಹಿಡಿದ ಸರ್ವೋಚ್ಚ ನ್ಯಾಯಾಲಯವು, ಸತ್ಕೀರ್ತಿಯು ಸಂವಿಧಾನದ 21ನೆಯ ಅನುಚ್ಛೇದವು ಕೊಡುವ ಜೀವಿಸುವ ಹಕ್ಕಿನ ಅಂಗವೆಂದಿತು. ಅದು ಸತ್ಯ. ಆದರೆ ಆ ಅಂಗವನ್ನು ಕಾಯಲು ಸೆರೆಮನೆಯೇ ತಕ್ಕ ಸಾಧನವೆಂಬುದು ಅದರಿಂದ ಸಿದ್ಧವಾಗದು.

ಚರಿತ್ರೆಯಾದರೂ ಬೇರೆಯನ್ನೇ ಹೇಳುತ್ತದೆ. ಕೊಲ್ಹಾಪುರದ ಕಾರಭಾರಿ ಮಾಧವರಾವ್ ಬರ್ವೆಯವರು ಅಲ್ಲಿಯ ಎಳೆಯ ಮಹಾರಾಜರನ್ನು ಪೀಡಿಸುತ್ತಿರುವರೆಂದು ‘ಕೇಸರಿ’, ‘ಮರಾಠಾ’ ಪತ್ರಿಕೆಗಳು ಬರೆದವು. ಆಧಾರವೆಂದು ನಂಬಿದ್ದ ಪತ್ರಗಳು ಕೃತಕವೆಂದು ಬಯಲಾದಾಗ ಆ ಪತ್ರಿಕೆಗಳ ಸಂಪಾದಕರಾದ ಟಿಳಕರೂ ಆಗರಕರರೂ ಕ್ಷಮೆ ಬೇಡಿದರು. ಆದರೂ 1882ರಲ್ಲಿ ಅವರಿಗೆ ನಾಲ್ಕು ತಿಂಗಳ ಸಜೆಯಾಗಿ, ಮುಂಬಯಿಯ ಡೋಂಗರಿ ಸೆರೆಮನೆಯಲ್ಲಿ 101 ದಿನ ಕಳೆದರು. ಹೊರಬಂದವರನ್ನು ಜನರು ಹರ್ಷೋದ್ಗಾರದಿಂದ ಎದುರುಗೊಂಡರು. ಬರ್ವೆಯವರ ಮೇಲಣ ಕಳಂಕವನ್ನು ತೊಳೆದದ್ದೇನಾದರೂ ಇದ್ದರೆ ಅದು ಆ ಕ್ಷಮಾಯಾಚನೆಯೇ. ಸೆರೆವಾಸವು ಮಾಡಿದುದು, ಲೋಕದ ಕನಿಕರವನ್ನು ನೊಂದವನಿಂದ ಕಸಿದು ದೂರಿದವರಿಗೆ ಕೊಟ್ಟದ್ದು.

ಇಂದಿನ ಸ್ಥಿತಿಗೆ ದೂರ ಹೋಗಬೇಕಿಲ್ಲ. ದಿವಾದಿಂದ ವಸಯಿಯತ್ತ ಸಾಗುವ ಗಾಡಿಯು ಕೋಪರ್ ದಾಟಿದೊಡನೆ ಭಿವಂಡಿ ರೋಡ್ ನಿಲ್ದಾಣ ಬರುವುದು. ಗಾಂಧೀಜಿಯವರ ಹತ್ಯೆಯನ್ನು ಕುರಿತು ರಾಹುಲ್ ಗಾಂಧಿಯವರು ಭಿವಂಡಿಯಲ್ಲಿ 2014ರ ಮಾರ್ಚಿನಲ್ಲಿ ಆಡಿದ ಮಾತಿನ ಮೇಲೆ ರಾಷ್ಟ್ರೀಯ ಸ್ವಯಂಸೇವಕ ಸಂಘದ ಕಾರ್ಯಕರ್ತರೊಬ್ಬರು ಅಲ್ಲಿಯ ಮ್ಯಾಜಿಸ್ಟ್ರೇಟರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಆರೋಪಿಯು ತಪ್ಪೊಪ್ಪದೆ ಉತ್ತರ ಕೊಟ್ಟದ್ದು 2018ರಲ್ಲಿ. ಯಾವ ದಾಖಲೆಯನ್ನು ಸ್ವೀಕರಿಸಬಹುದೆಂಬ ವಿವಾದವು 2024ರಲ್ಲಿಯೂ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತ್ತು. ಯಾರ ಪಕ್ಷ ಸರಿಯೆಂಬುದನ್ನು ನ್ಯಾಯಾಲಯವು ನಿರ್ಣಯಿಸಲಿ. ಸಮರ್ಥ ವಕೀಲರಿರುವವರಿಗೇ ಹತ್ತು ವರ್ಷ ಹಿಡಿಯುವ ದಾರಿಯು ಭಿಶಿಯ ಹೆಂಗಸಿಗೆ ಎಷ್ಟು ಹಿಡಿದೀತು? ಪೊಲೀಸ್ ಚೌಕಿಗೆ ಹೋದರೆ ಎನ್.ಸಿ. (ಅಸಂಜ್ಞೇಯ ಅಪರಾಧವೆಂಬ ದಾಖಲೆ) ಬರೆದುಕೊಂಡು ಕಳುಹಿಸುವರು, ಏಕೆಂದರೆ ಪೊಲೀಸರು ತಾವಾಗಿ ತನಿಖೆಗೆ ತೊಡಗಬಹುದಾದ ಅಪರಾಧ ಇದಲ್ಲ. ಠಾಣೆ ನಗರದ ನ್ಯಾಯಾಲಯದಲ್ಲಿ ಖಾಸಗಿ ದೂರು ಸಲ್ಲಿಸಿದರೆ ತಾರೀಖಿಗೊಂದು ದಿನದ ಕೂಲಿ ಹೋಗುವುದು. ಸಿವಿಲ್ ದಾವೆಯಾದರೆ ಕೇಳಿದ ಪರಿಹಾರಕ್ಕೆ ತಕ್ಕ ಕೋರ್ಟು ಶುಲ್ಕವನ್ನು ಮೊದಲೇ ಕಟ್ಟಬೇಕು.

ಆದುದರಿಂದ ಸೆರೆವಾಸವನ್ನು ತೆಗೆದುಹಾಕಿ, ಶುಲ್ಕವಿಲ್ಲದ ಸಂಕ್ಷಿಪ್ತ ವಿಚಾರಣೆಯಿಂದ, ಸುಳ್ಳನ್ನು ಹಬ್ಬಿಸಿದವನು ಅದೇ ಗುಂಪಿನಲ್ಲಿ, ಅದೇ ಜನರೆದುರು, ಕೆಲವೇ ವಾರಗಳೊಳಗೆ ಅದನ್ನು ಹಿಂತೆಗೆದುಕೊಳ್ಳುವಂತೆ ಆಜ್ಞಾಪಿಸುವ ಅಧಿಕಾರವನ್ನು ಕೆಳಗಿನ ನ್ಯಾಯಾಲಯಗಳಿಗೆ ಕೊಡಬೇಕೆಂದು ನಾನು ಹೇಳುವೆನು. ದಂಡ ತೆರಲು ಕಾಸಿಲ್ಲದ ಹಟಮಾರಿಯು ಇದಕ್ಕೂ ಮಣಿಯದಿದ್ದರೆ ಏನು ಗತಿ ಎಂದು ಕೇಳುವವರುಂಟು. ಆತನನ್ನು ಶಿಕ್ಷಿಸಲಿ, ಆದರೆ ಆಡಿದ ಮಾತಿಗಾಗಿ ಅಲ್ಲ, ಸುಳ್ಳೆಂದು ಸಿದ್ಧವಾದ ಬಳಿಕವೂ ನ್ಯಾಯಾಲಯದ ಆಜ್ಞೆಯನ್ನು ಮೀರಿದುದಕ್ಕಾಗಿ.